ಚಾಪೆ, ಜಮಖಾನೆ, ಬೆಂಚು

ಮಾಘ ಮಾಸ ಮುಗಿಯುತ್ತ ಬಂದಿತ್ತು. ಹಿಂಗಾರಿ ಜೋಳ ಕಣಕ್ಕೆ ಬಂದು, ಬೆಳಗಿನ ಚಳಿ ಬಿಟ್ಟು, ಹಗಲಿನ ಬಿಸಿಲು ಹೆಗಲ ಮೇಲೆ ಬಂದು ಕೂಡುವ ದಿನಗಳು. ಎರಡನೇ ಮಹಾಯುದ್ಧ ಸುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಮಾತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಸಂಜೆಯ ಭೋಂಗಾ ಕೂಗಿ, ಕೆಲಸದವರು ಮನೆ ಮುಟ್ಟುವ ಹೊತ್ತಾಗಿತ್ತು. ಅಲ್ಲಿ ಬಡಿಗತನ ಮಾಡುವ ದಾನಿಯೇಲಪ್ಪ ಉಣಕಲ್ಲಿನ ತನ್ನ ಮನೆಯ ಮುಂದೆ ಕಾಲು ತೊಳೆಯುತ್ತಿದ್ದಾಗ ಸತ್ಯಮಿತ್ರ ಮಾಸ್ತರ ಬಂದು ಕಟ್ಟೆಯ ಮೇಲೆ ಕೂತ. ಆ ಸಂಜೆಯೇ ಎಲ್ಲ ತಾಪತ್ರಯ ಸುರುವಾದದ್ದು.

ಉಣಕಲ್ಲಿನ ಕ್ರೈಸ್ತ ಸಭೆ ದೊಡ್ಡದೇನಲ್ಲ. ಧಾರವಾಡದ ಹಾದಿಯ ಬದಿಗೆ ಮಣ್ಣಿನ ಗೋಡೆಯ, ಹಂಚಿನ ಒಂದು ಪ್ರಾರ್ಥನಾಲಯ; ಅದರ ಸುತ್ತ ವರ್ಕ್‌ಶಾಪಿಗೂ ಗಿರಣಿಗೂ ಹೋಗುವ ಕೆಲವು ಮನೆಗಳು. ಪಾದ್ರಿ ಅಯ್ಯನವರು ಇರುವುದು ಧಾರವಾಡದಲ್ಲಿ. ಕರ್ತನ ರಾತ್ರಿಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವುದಿದ್ದಾಗ ಮಾತ್ರ ಅವರು ಬರುವರು. ಉಳಿದ ದಿನ ಪ್ರಾರ್ಥನೆ, ಪಾಠ, ಬೈಗುಳ ಎಲ್ಲ ಉಪದೇಶಿಯ ಪಾಲಿಗೆ. ಹಳೆಯ ಉಪದೇಶಿ ತೀರಿಕೊಂಡ ಮೇಲೆ ಬಂದವನು ಈ ಸತ್ಯಮಿತ್ರ. ಇನ್ನೂ ಮೂವತ್ತು ತುಂಬದ ಹುಡುಗ. ಉಪದೇಶಿಯಾಗುವ ಮೊದಲು ಸಾಲಿ ಮಾಸ್ತರನಾಗಿದ್ದ. ಆ ಹೆಸರೂ ಹೋಗಲಿಲ್ಲ, ಆ ಚಾಳಿಯೂ ಹೋಗಲಿಲ್ಲ. ದಾನಿಯೇಲಪ್ಪ ಸಭೆಯ ಹಿರಿಯ. ಹಿರಿಯ ಎಂದರೆ ಗಂಟೆ ಬಾರಿಸುವುದು, ದೀಪ ಒರೆಸುವುದು, ಚಾಪೆ ಹಾಸುವುದು, ಎಲ್ಲರ ಜಗಳ ಕೇಳಿಸಿಕೊಳ್ಳುವುದು. ತಿರುಗಿ ಏನೂ ಅನ್ನದ ಮನುಷ್ಯನೆಂದು ಅವನನ್ನು ಆರಿಸಿದ್ದರು.

ಮಾಸ್ತರ ತನ್ನ ವಿಚಾರ ಹೇಳಿದ. ಮುಪ್ಪಿನ ಕಾಲದಲ್ಲಿ ಕರ್ತನ ಶಿಷ್ಯನಾಗಿದ್ದ ಒಬ್ಬ ಅಪೊಸ್ತಲ ತನ್ನ ಸಭೆಗೆ ಕಾಗದ ಬರೆದಾಗ ಎಳೆಯರಿಗೆ ಒಂದು ಮಾತು, ಯೌವನಸ್ಥರಿಗೆ ಒಂದು ಮಾತು, ತಂದೆಗಳಿಗೆ ಒಂದು ಮಾತು ಎಂದು ಮೂರಾಗಿ ಬರೆದಿದ್ದಾನೆ. ಅಂದರೆ ನಂಬಿಕೆಯಲ್ಲಿ ಮೂರು ಮಟ್ಟ ಇವೆ. ಇಲ್ಲಿ ಹಳಬ ಹೊಸಬ ಎಲ್ಲ ಕಲಸುಮೇಲೋಗರವಾಗಿ ಕೂಡುತ್ತಾರೆ. ಯಾರು ಎಲ್ಲಿಯವರೆಗೆ ಬಂದಿದ್ದಾರೆಂದು ಅವರಿಗೇ ತಿಳಿಯದು. ಸಾಲಿಯಲ್ಲಿ ಇಯತ್ತೆ ಇದ್ದ ಹಾಗೆ ಇಲ್ಲಿಯೂ ಮೂರು ಮಾಡೋಣ. ಎಳೆಯರು ಮುಂದೆ ಚಾಪೆಯ ಮೇಲೆ, ಯೌವನಸ್ಥರು ನಡುವೆ ಜಮಖಾನೆಯ ಮೇಲೆ, ತಂದೆಗಳು ಹಿಂದೆ ಬೆಂಚಿನ ಮೇಲೆ. ಪಾಠ ಒಪ್ಪಿಸಿದವರು ಮೇಲಿನ ಇಯತ್ತೆಗೆ ಹೋಗಲಿ. ಪುನರುತ್ಥಾನ ಹಬ್ಬದ ಹೊತ್ತಿಗೆ ಸಭೆ ಹೇಗೆ ಬೆಳೆದಿರುತ್ತದೆ ನೋಡಿರಿ.

ದಾನಿಯೇಲಪ್ಪನ ಹೊಟ್ಟೆ ಹಸಿದಿತ್ತು. ಆಗಲಿ ಎಂದ.

ಪರೀಕ್ಷೆ ಎರಡು ವಾರ ನಡೆಯಿತು. ದಶಾಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಬಾಯಿಪಾಠ ಒಪ್ಪಿಸಬೇಕು. ಲಾಜರಪ್ಪನೆಂಬ ಮುದುಕ ಪ್ರಸಂಗ ಸುರುವಾದೊಡನೆ ಗೊರಕೆ ಹೊಡೆಯುವವನು. ಆದರೆ ದೀಕ್ಷಾಸ್ನಾನ ತೆಗೆದುಕೊಂಡು ನಲವತ್ತು ವರ್ಷ ದಾಟಿತ್ತು, ಪಾಠ ನಿದ್ದೆಯಲ್ಲಿಯೂ ಬರುತ್ತಿತ್ತು. ಅವನು ತಂದೆಯಾಗಿ ಬೆಂಚು ಏರಿದ. ಇಂಜಿನು ತೊಳೆಯುವ ಯಾಕೋಬ ಕಳೆದ ಮಳೆಗಾಲದಿಂದ ಶೆರೆ ಕುಡಿಯುವುದನ್ನು ಬಿಟ್ಟಿದ್ದ. ಕೆಟ್ಟದ್ದನ್ನು ಗೆದ್ದ ಯೌವನಸ್ಥನೆಂದು ಅವನನ್ನು ಜಮಖಾನೆಯ ಮುಂಚೂಣಿಯಲ್ಲಿ ಕೂಡಿಸಿದರು. ದಾನಿಯೇಲಪ್ಪನ ಹೆಂಡತಿ ಸುವಾರ್ತೆವ್ವ ಎಲ್ಲ ಪಾಠ ತಪ್ಪಿಲ್ಲದೆ ಒಪ್ಪಿಸಿದಳು. ಆದರೂ ಅವಳಿಗೆ ಬೆಂಚು ಸಿಗಲಿಲ್ಲ. ಅಪೊಸ್ತಲ ತಂದೆಗಳಿಗೆ ಬರೆದಿದ್ದಾನೆ, ತಾಯಿಗಳಿಗೆ ಬರೆದಿಲ್ಲ ಎಂದು ಮಾಸ್ತರ ವಿನಯದಿಂದಲೇ ಹೇಳಿದ. ಆ ರಾತ್ರಿ ಅವಳು ಗಂಡನ ಮುಂದೆ ತಾಟು ಕುಕ್ಕಿದಳು.

"ತಂದಿಗಳಿಗೆ ರೊಟ್ಟಿ ಬಡದು ಹಾಕೂದು ಯಾವ ಇಯತ್ತೆದವರ ಕೆಲಸರಿ? ಅದನೂ ಕಾಗದದಾಗ ಬರದಾನೇನ ಕೇಳ್ರಿ."

ದಾನಿಯೇಲಪ್ಪ ಕೇಳಲಿಲ್ಲ. ರೊಟ್ಟಿ ಮುರಿದುಕೊಂಡು ಉಂಡ.

ಎಲ್ಲಕ್ಕಿಂತ ಕಷ್ಟವಾದದ್ದು ಕಸ್ತೂರೆವ್ವನ ಪಾಲಿಗೆ. ಅವಳು ಗಂಡ ಸತ್ತ ಹೆಂಗಸು. ವರ್ಕ್‌ಶಾಪಿನಲ್ಲಿ ಮನೆಮಾರಿಲ್ಲದೆ ದುಡಿಯುವ ಗಂಡಸರಿಗೆ ರೊಟ್ಟಿ ಬಡಿದು ಮಾರಿ ಬದುಕುವವಳು. ಐವತ್ತು ದಾಟಿದ ಮೇಲೆ ಸಭೆಗೆ ಸೇರಿದಳು. ದೀಕ್ಷೆಯ ದಿನ ಹಳೆಯ ಉಪದೇಶಿ ಅವಳ ಪಾಪಗಳೆಲ್ಲ ಕ್ಷಮೆಯಾದವೆಂದು ಹೇಳಿದಾಗ, ಎಲ್ಲ ಅಂದರೆ ಎಲ್ಲವೇ ಎಂದು ಕೇಳಿ, ಹೌದೆನ್ನಿಸಿಕೊಂಡು, ಆಮೇಲೆ ಮನೆಗೆ ಹೋಗಿ ನೆರೆಯವರಿಗೆಲ್ಲ ಬೆಲ್ಲ ಹಂಚಿದವಳು. ಓದು ಬಾರದು. ವಿಶ್ವಾಸ ಪ್ರಮಾಣದಲ್ಲಿ ಕರ್ತನನ್ನು ಶಿಲುಬೆಗೆ ಒಪ್ಪಿಸಿದ ಪೊಂತ್ಯ ಪಿಲಾತನ ಹೆಸರಿನವರೆಗೆ ಹೇಗೋ ಬರುವಳು; ಅಲ್ಲಿಗೆ ಬಂದೊಡನೆ ನಿಲ್ಲುವಳು. ಮಾಸ್ತರ ಮೂರು ಸಲ ಹೇಳಿಕೊಟ್ಟ. ಮೂರು ಸಲವೂ ಪಿಲಾತನೇ ಅಡ್ಡ ಬಂದ. ಅವಳನ್ನು ಚಾಪೆಯ ಮೇಲೆ ಚಿಕ್ಕ ಮಕ್ಕಳ ನಡುವೆ ಕೂಡಿಸಿದರು. ಅದಕ್ಕೂ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಮಕ್ಕಳ ಮೂಗು ಒರೆಸುತ್ತ ಕೂತಳು. ಆದರೆ ಮುಂದಿನ ಐತವಾರ ಮಾಸ್ತರ ಇನ್ನೊಂದು ಮಾತು ಹೇಳಿದ. ಚಾಪೆಯವರು ಜಮಖಾನೆಗೆ ಬರುವ ತನಕ ಭೋಜನಕ್ಕೆ ಅವಸರ ಮಾಡುವುದು ಬೇಡ ಎಂದ. ಅವತ್ತಿನಿಂದ ಕಸ್ತೂರೆವ್ವ ಬರುವುದು ನಿಂತಿತು.

ಇತ್ತ ಬೆಂಚಿನ ಮೇಲೆ ಕಿಟಕಿಯ ಕಡೆ ಯಾರು ಕೂಡಬೇಕೆಂದು ತಂದೆಗಳು ಜಗಳವಾಡಿದರು. ಜಮಖಾನೆಯ ಹೆಂಗಸರು ಚಾಪೆಯ ಹೆಂಗಸರ ಸಂಗಡ ನೀರಿಗೆ ಹೋಗುವುದನ್ನು ಬಿಟ್ಟರು. ಪಗಾರವಾದ ಸಂಜೆ ಯಾಕೋಬ ಗೆಳೆಯರ ಕೂಡ ಹೋಗಿ ಕುಡಿದು ಬಂದ. ಮರುದಿನ ಐತವಾರ ಅವನು ಜಮಖಾನೆಗೂ ಬರಲಿಲ್ಲ, ಚಾಪೆಗೂ ಬರಲಿಲ್ಲ. ಹೊರಗೆ ಜನ ಕಳಚಿಟ್ಟ ಕಾಲ್ಮರಿಗಳ ನಡುವೆ ಕೂತ. ದಾನಿಯೇಲಪ್ಪ ಹೋಗಿ ಒಳಗೆ ಬಾರೋ ಎಂದರೆ, ಗೆದ್ದವರ ಸಾಲಿನಲ್ಲಿ ಸೋತವನನ್ನು ಕೂಡಿಸಿ ನಗಿಸಬೇಕಂತೀರೇನು ಕಾಕಾ ಎಂದು ಅವನ ಮೇಲೆಯೇ ಹಾಯ್ದ. ಎಲ್ಲರೂ ದಾನಿಯೇಲಪ್ಪನ ಹತ್ತಿರವೇ ಬಂದರು. ಮಾಸ್ತರನಿಗೆ ಯಾರೂ ಏನೂ ಅನ್ನಲಿಲ್ಲ, ಅವನು ಓದಿದವನು. ದಾನಿಯೇಲಪ್ಪನಿಗೆ ತಲೆ ಚಿಟ್ಟು ಹಿಡಿಯಿತು. ವರ್ಕ್‌ಶಾಪಿನಲ್ಲಿ ರಂದಾ ಹೊಡೆಯುವಾಗ ಮಾತ್ರ ಅವನಿಗೆ ಸಮಾಧಾನ. ಹಲಗೆ ತಾನು ಎಷ್ಟನೇ ಇಯತ್ತೆಯದೆಂದು ಕೇಳುವುದಿಲ್ಲ.

ಹಬ್ಬದ ವಾರ ಬಂತು. ಶುಭ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಸುವಾರ್ತೆವ್ವ ಗಂಡನಿಗೆ ಒಂದು ಸುದ್ದಿ ಹೇಳಿದಳು. ಕಸ್ತೂರೆವ್ವ ಊರು ಬಿಡುತ್ತಾಳಂತೆ. ರೋಣದ ಕಡೆ ಒಂದು ಹಳ್ಳಿಯಲ್ಲಿ ಅವಳ ಮಗಳಿದ್ದಾಳೆ. ಇನ್ನು ಒಬ್ಬಳೇ ಇರುವುದು ಬೇಡ, ಬಾ ಎಂದು ಅಳಿಯ ಹೇಳಿ ಕಳಿಸಿದ್ದಾನೆ. ಹಬ್ಬದ ಮರುದಿನ ಸೋಮವಾರ ಹೊರಡುವುದು. ಆ ಕಡೆ ಹರದಾರಿಗಟ್ಟಲೆ ಹೋದರೂ ಸಭೆಯಿಲ್ಲ. ಅಳಿಯನ ಮನೆಯವರು ಅವಳ ಧರ್ಮ ಕಂಡು ನಗುವವರು. ಐತವಾರದ ಭೋಜನವೇ ಅವಳಿಗೆ ಕಡೆಯದು, ಮತ್ತು ಅದಕ್ಕೆ ಅವಳು ಬರುವುದಿಲ್ಲ ಎನ್ನುತ್ತಿದ್ದಾಳೆ.

ದಾನಿಯೇಲಪ್ಪ ಎದ್ದು ಅವಳ ಮನೆಗೆ ಹೋದ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಇವನನ್ನು ನೋಡಿ ಮಣೆ ಸರಿಸಿದಳು, ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಸ್ತೂರೆವ್ವ, ಐತವಾರ ಭೋಜನ ಐತಿ. ನೀ ಬರಬೇಕು. ಮಾಸ್ತರಗ ನಾ ಹೇಳತೇನಿ."

"ಒಲ್ಲೆರಿ ಅಣ್ಣಾರ."

"ಅವಾ ಏನೋ ಅಂದಾನಂತ ನೀ ಸಿಟ್ಟ ಮಾಡ್ಕೊಂಡ್ರ ಹೆಂಗ?"

"ಸಿಟ್ಟ ಯಾಕ ಮಾಡಲಿ, ಖರೇನ ಹೇಳ್ಯಾನ." ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ನನ್ನ ಪಾಪ ಖರೇನ ಕ್ಷಮಾ ಆಗಿದ್ರ ಒಳಗ ಏನರೆ ನಿಂದರಬೇಕಲ್ಲರಿ? ಆ ಎರಡ ಸಾಲ ಮಾತೂ ನಿಂದರವಲ್ದು. ನಂದು ಆಗಿಲ್ಲರಿ. ಆಗೈತಂತ ತಿಳಕೊಂಡ ಹುಚ್ಚಿ ಹಂಗ ಬೆಲ್ಲಾ ಹಂಚಿದೆ."

ಪಾಠಕ್ಕೂ ಕ್ಷಮೆಗೂ ಸಂಬಂಧವಿಲ್ಲವೆಂದು ದಾನಿಯೇಲಪ್ಪ ತನಗೆ ಬಂದಂತೆ ಹೇಳಿದ. ಒಮ್ಮೆ ಹೇಳಿದ, ಮತ್ತೊಮ್ಮೆ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು ರೊಟ್ಟಿ ತಿರುವಿದಳು.

"ನೀವು ಬೆಂಚಿನ ಮ್ಯಾಲ ಕುಂತವರು, ಅಣ್ಣಾರ. ನಿಮಗ ಹಂಗ ಅನಸತೈತಿ."

ಬೆಂಚಿನ ಮೇಲೆ ಕೂತಾಗ ತನಗೆ ಅನ್ನಿಸುವುದು ಬೆನ್ನುನೋವು ಒಂದೇ ಎಂದು ಹೇಳಿದರೆ ಅವಳು ನಂಬುತ್ತಿದ್ದಳೇ? ತಿರುಗಿ ಮನೆಗೆ ಬರುವಾಗ ಅವನು ದಾರಿಯುದ್ದಕ್ಕೂ ಒಬ್ಬನೇ ಗೊಣಗಿದ. ಆ ಸಂಜೆ ಮಾಸ್ತರನಿಗೂ ಹೇಳಿ ನೋಡಿದ. ಮಾಸ್ತರ ಸಮಾಧಾನದಿಂದ ಹತ್ತು ಕಾರಣ ಕೊಟ್ಟ. ತಿಳಿಯದೆ ಉಂಡರೆ ಅವಳಿಗೇ ಕೇಡಲ್ಲವೇ ಎಂದ. ವಾದ ಮಾಡುವುದಕ್ಕೆ ದಾನಿಯೇಲಪ್ಪನಿಗೆ ಬಾರದು. ಹೋದ ಹಾಗೆಯೇ ಬಂದ.

ಶನಿವಾರ ಮಧ್ಯಾಹ್ನ ಅವನು ಪ್ರಾರ್ಥನಾಲಯದ ಬಾಗಿಲು ತೆಗೆದು ನೋಡಿದರೆ ನೆಲ ಧೂಳೆದ್ದು ಬಿರಿದಿತ್ತು. ಭೋಜನದ ಹಿಂದಿನ ದಿನ ನೆಲ ಸಾರಿಸುವುದು ಅಲ್ಲಿಯ ಪದ್ಧತಿ. ಇಷ್ಟು ವರ್ಷ ಆ ಕೆಲಸ ಕಸ್ತೂರೆವ್ವ ಮಾಡುತ್ತಿದ್ದಳು. ಬೇರೆ ಹೆಂಗಸರು ನೀರು, ಸೆಗಣಿ ತಂದುಕೊಡುವರು. ಈ ಸಲ ಯಾರೂ ಬಂದಿರಲಿಲ್ಲ. ದಾನಿಯೇಲಪ್ಪ ಮನೆ ಮನೆಗೆ ಹೋಗಿ ಕೇಳಿದ. ಜಮಖಾನೆಯ ಹೆಂಗಸರು, ಅದು ಕೆಳಗಿನ ಇಯತ್ತೆಯವರು ಮಾಡುವುದಲ್ಲವೇ ಎಂದರು. ಚಾಪೆಯ ಹೆಂಗಸರು, ಉಣ್ಣುವುದಕ್ಕೆ ಬೇಡಾದವರು ಸಾರಿಸುವುದಕ್ಕೆ ಮಾತ್ರ ಬೇಕೇನು ಎಂದರು. ಲಾಜರಪ್ಪ ತಾನು ತಂದೆ ಎಂದ.

ದಾನಿಯೇಲಪ್ಪ ತಿರುಗಿ ಬಂದ. ಆ ವಯಸ್ಸಿನವರೆಗೆ ಅವನು ಯಾರಿಗೂ ಸಿಟ್ಟು ತೋರಿಸಿರಲಿಲ್ಲ. ಅವತ್ತು ಬೆಂಚಿಗೆ ತೋರಿಸಿದ. ಅದನ್ನು ದರದರ ಎಳೆದು ಹೊರಗೆ ಬೇವಿನ ಗಿಡದ ಕೆಳಗೆ ಹಾಕಿದ. ಜಮಖಾನೆ ಸುರುಳಿ ಸುತ್ತಿ ಹೊರಗೆ ಒಗೆದ. ಚಾಪೆಗಳನ್ನು ಒಂದರ ಮೇಲೊಂದು ಎಸೆದ. ಅವತ್ತೂ ಬಂದು ಕಾಲ್ಮರಿಗಳ ಜಾಗದಲ್ಲಿ ಕೂತಿದ್ದ ಯಾಕೋಬನನ್ನು ನೋಡಿ, ಸುಮ್ಮನೆ ಕೂಡಬೇಡ, ಕೆರೆಯಿಂದ ನೀರು ತಾ ಎಂದ. ಯಾಕೋಬ ಬಾಯಿ ತೆರೆದ. ದಾನಿಯೇಲಪ್ಪನ ಮುಖ ನೋಡಿ ಮುಚ್ಚಿಕೊಂಡು ಕೊಡ ಎತ್ತಿದ.

ಅರವತ್ತರ ಹತ್ತಿರದ ಗಂಡಸು ಧೋತರ ಎತ್ತಿ ಕಟ್ಟಿ ಸೆಗಣಿ ಕದಡಿ ನೆಲ ಸಾರಿಸತೊಡಗಿದ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಸಾರಿಸಿದಲ್ಲಿಯೇ ತನ್ನ ಕಾಲಿಟ್ಟು ಮುಂದೆ ಹೋಗುವನು. ಸುವಾರ್ತೆವ್ವ ಬಂದು ಬಾಗಿಲಲ್ಲಿ ನಿಂತು ನೋಡಿದಳು, ನಕ್ಕಳು, ಆಮೇಲೆ ನೆಟ್ಟಗೆ ಕಸ್ತೂರೆವ್ವನ ಮನೆಗೆ ಹೋದಳು. ಏನು ಹೇಳಿದಳೋ, ಸ್ವಲ್ಪ ಹೊತ್ತಿಗೆ ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡ ಬಂದಳು.

"ಏಳ್ರಿ ಅಣ್ಣಾರ, ಏಳ್ರಿ. ಎಮ್ಮಿ ಹೊಳ್ಳಾಡಿದಂಗ ಮಾಡೀರಿ. ನಾಳೆ ಅಯ್ಯನಾರ ಬಂದು ಇದರಾಗ ನಿಂದರಬೇಕೇನ? ಹೆಂಡಿ ಜಾಸ್ತಿ ಆಗೇತಿ. ನೀರ ಹಾಕು ಯಾಕೋಬ, ಬರೇ ನೋಡ್ತಿ ಯಾಕ?"

ಅವಳು ಅವನ ಕೈಯಿಂದ ಅರಿವೆ ಕಸಿದುಕೊಂಡು ಒಳಗಿನ ಗೋಡೆಯಿಂದ ಮತ್ತೆ ಸುರು ಮಾಡಿದಳು. ಅರ್ಧಚಂದ್ರ ಅರ್ಧಚಂದ್ರವಾಗಿ ಕೈ ಆಡಿಸುತ್ತ, ಹಿಂದೆ ಹಿಂದೆ ಸರಿಯುತ್ತ ಬಾಗಿಲ ಕಡೆ ಬಂದಳು. ಭೋಜನಕ್ಕೆ ಮಾತ್ರ ತಾನು ಬರುವವಳಲ್ಲ, ನೆಲ ಕೆಡಬಾರದೆಂದು ಬಂದೆ ಎಂದು ನಡುನಡುವೆ ಹೇಳಿದಳು. ದಾನಿಯೇಲಪ್ಪ ಸೊಂಟ ಹಿಡಿದುಕೊಂಡು ಹೊರಗೆ ಕಟ್ಟೆಯ ಮೇಲೆ ಕೂತ.

ಆಗ ಮಾಸ್ತರ ಬಂದ. ನಾಳೆಯ ಓದುವಿಕೆಗೆ ಗುರುತು ಹಾಕಬೇಕೆಂದು ಕೈಯಲ್ಲಿ ವೇದಪುಸ್ತಕ ಹಿಡಿದಿದ್ದ. ಹೊರಗೆ ಬಿದ್ದಿದ್ದ ಬೆಂಚು ನೋಡಿದ, ಜಮಖಾನೆ ನೋಡಿದ. ಒಳಗೆ ಹೋಗಬೇಕೆಂದರೆ ನೆಲವೆಲ್ಲ ಹಸಿ.

"ಕಾಲ ಇಡಬ್ಯಾಡ್ರಿ ಮಾಸ್ತರ," ಎಂದಳು ಕಸ್ತೂರೆವ್ವ, ತಲೆ ಎತ್ತದೆ.

ಅವನು ಹೊಸ್ತಿಲ ಒಳಗೇ ಒಂದು ಮೊಳ ಒಣ ಜಾಗದಲ್ಲಿ ನಿಂತ. ಅವಳು ಸಾರಿಸುತ್ತಲೇ ಕೇಳಿದಳು. ಆ ಅಪೊಸ್ತಲರ ಕಾಗದ ಇದರಾಗ ಐತೇನರಿ? ಇದೆ ಎಂದ ಮಾಸ್ತರ. ಹಾಗಾದರೆ ಚಾಪೆಯವರಿಗೆ ಏನು ಬರೆದಿದ್ದಾನೆ, ಹೋಗುವ ಮೊದಲು ಒಮ್ಮೆ ಕೇಳಿಬಿಡುತ್ತೇನೆ ಎಂದಳು. ಬೈಸಿಕೊಳ್ಳುವುದಾದರೆ ಪೂರ್ತಿ ಬೈಸಿಕೊಂಡು ಹೋಗೋಣವೆಂಬ ದನಿ ಅದು.

ಮಾಸ್ತರ ಪುಟ ತಿರುವಿ ಓದಿದ. ಎಳೆಯರಿಗೆ ಬರೆದ ಮೊದಲ ಸಾಲು ಸಣ್ಣದು. ಅವರ ಪಾಪಗಳು ಕ್ಷಮೆಯಾಗಿವೆ, ಕರ್ತನ ಹೆಸರಿನ ಸಲುವಾಗಿ ಆಗಿವೆ; ಅದಕ್ಕಾಗಿಯೇ ಬರೆಯುತ್ತಿದ್ದೇನೆ ಎಂದು ಅಪೊಸ್ತಲ ಹೇಳಿದ್ದ. ಕಸ್ತೂರೆವ್ವನ ಕೈ ನಿಂತಿತು.

"ಆಗ್ಯಾವು ಅಂತೈತೋ, ಆಗತಾವು ಅಂತೈತೋ?"

"ಆಗ್ಯಾವ ಅಂತ ಅದ."

"ಪಾಠದ ಮಾತ ಏನರೆ ಐತೇನರಿ?"

ಮಾಸ್ತರ ಮತ್ತೆ ನೋಡಿದ. ಅದೇ ಸಾಲನ್ನು ಅವನು ನೂರು ಸಲ ಓದಿದವನು. "ಇಲ್ಲ," ಎಂದ.

ಆಮೇಲೆ ಯಾಕೋಬನೂ ಬಂದು ನಿಂತು, ತನ್ನ ಸಾಲು ಯಾವುದು, ಓದಿರಿ ಎಂದ. ಯೌವನಸ್ಥರು ಗೆದ್ದಿದ್ದಾರೆ, ಅವರಲ್ಲಿ ಬಲವಿದೆ ಎಂದಿತ್ತು. ಒಮ್ಮೆಯೂ ಬಿದ್ದಿಲ್ಲ ಎಂದು ಬರೆದಿದೆಯೇ ಎಂದು ಯಾಕೋಬ ಕೇಳಿದ. ಬರೆದಿರಲಿಲ್ಲ. ತಂದೆಗಳಿಗೆ ಮೊದಲಿನಿಂದಲೂ ಇರುವಾತನನ್ನು ಬಲ್ಲಿರಿ ಎಂದಷ್ಟೇ ಇತ್ತು. ಸುವಾರ್ತೆವ್ವ ಅದನ್ನು ಕೇಳಿ, ಅಷ್ಟಕ್ಕೆ ಬೆಂಚು ಯಾಕೆ ಬೇಕಾಗಿತ್ತು ಎಂದಳು. ಮಾಸ್ತರ ಪುಸ್ತಕ ಮುಚ್ಚಿದ. ಅವನ ಮುಖ ಬಿಳುಚಿಕೊಂಡಿತ್ತು. ದಾನಿಯೇಲಪ್ಪ ಅದನ್ನು ನೋಡಿದ, ನೋಡಬಾರದಾಗಿತ್ತು ಎಂದುಕೊಂಡ.

"ನಿಮ್ಮದು ಯಾವ ಸಾಲು ಮಾಸ್ತರ?" ಎಂದು ಕೇಳಿದ. ಅವನನ್ನು ಹಣಿಯಬೇಕೆಂದು ಕೇಳಿದ್ದಲ್ಲ. ಈ ಗೋಜಿನಲ್ಲಿ ಅದೊಂದೇ ಗೊತ್ತಿಲ್ಲದೆ ಉಳಿದಿತ್ತು.

ಮಾಸ್ತರ ಪುಸ್ತಕವನ್ನು ಕಂಕುಳಿಗೆ ಸೇರಿಸಿದ. "ಗೊತ್ತಿಲ್ಲರಿ," ಎಂದ. "ನಾ ನಿಂತ ಹೇಳಾಂವ, ನನಗ ಯಾರೂ ಕೂಡಿಸಿಲ್ಲ. ಪಾಠ ಎಲ್ಲಾ ಬರ್ತದ. ಒಳಗ ನೋಡಿಕೊಂಡ್ರ ಎಳೆಯರ ಸಾಲಿಗೂ ಸೇರಿದ್ದೇನೋ ಇಲ್ಲೋ ಅಂತ ಅಂಜಿಕಿ. ಎಲ್ಲಾರಿಗೂ ಜಾಗಾ ಹಚ್ಚಿದ್ರ ನಂದೂ ಗೊತ್ತಾಗಬಹುದು ಅಂತ..."

ದಾನಿಯೇಲಪ್ಪ ಹಣೆ ಒತ್ತಿಕೊಂಡ. ಇವನೊಬ್ಬ ಉಳಿದಿದ್ದ, ಇವನದೂ ಆಯಿತು.

"ಇದನ್ನ ಮಾಘದಾಗ ನನ್ನ ಕಟ್ಟಿ ಮ್ಯಾಲ ಕುಂತ ಹೇಳಬೇಕಾಗಿತ್ತಲ್ಲೋ ತಮ್ಮಾ. ಒಬ್ಬಾಂವನ ಅಂಜಿಕಿಗೆ ಊರ ತುಂಬ ಪರೀಕ್ಷಾ ಇಟ್ಟಿಯಲ್ಲ. ನನಗೂ ನಲವತ್ತ ವರ್ಷದಿಂದ ಅಂಜಿಕಿ ಬರತೈತಿ, ಹೋಗತೈತಿ. ನಾ ಏನ್ ಬೆಂಚ ಹಾಕಿದ್ನೇನ?"

ಮೊದಲ ಸಲ ಮಾಸ್ತರನಿಗೆ ಅವನು ಏಕವಚನ ಅಂದದ್ದು. ಮಾಸ್ತರ ತಲೆ ತಗ್ಗಿಸಿದ. ಕಸ್ತೂರೆವ್ವ ಮಾತ್ರ ಮಂಡಿಯೂರಿದ ಹಾಗೆಯೇ ಅವನನ್ನು ನೋಡುತ್ತಿದ್ದಳು.

"ಅಂದ್ರ ನಂದೂ ಆಗೇತೇನ್ರಿ? ಪಿಲಾತನ ಮುಂದ ಬರಲಿಲ್ಲಂದ್ರೂ?"

"ಬರಲಿಲ್ಲಂದ್ರೂ ಆಗೇದವ್ವಾ," ಎಂದ ಮಾಸ್ತರ. "ಎಂದೋ ಆಗೇದ."

"ಓದಿದ ನೀವ ಅಂದಮ್ಯಾಲ ನಂದು ಆದಂಗಾತು. ಹಂಗಾರ ನಿಮದೂ ಆಗೈತಿ, ಅದೇ ಕಾಗದ ಅಲ್ಲೇನ?" ಎಂದು ಅವಳು ಅರಿವೆ ಹಿಂಡಿದಳು. "ಇಷ್ಟ ಮಾತ ಮೊದಲ ಹೇಳಿದ್ರ ನಾ ಯಾಕ ಮನ್ಯಾಗ ಕುಂದರತಿದ್ದೆ? ಸರೀರಿ ಇನ್ನ. ನೀವು ನಿಂತ ಜಾಗಾ ಒಂದ ಉಳದೈತಿ."

ಮಾಸ್ತರ ಹೊಸ್ತಿಲ ಹೊರಗೆ ಇಳಿದ. ಅವಳು ಅದನ್ನೂ ಸಾರಿಸಿದಳು.

ಸಂಜೆ ಯಾಕೋಬ ಜಮಖಾನೆ ಎತ್ತಿಕೊಂಡು ಒಳಗೆ ಹೊರಟ. ದಾನಿಯೇಲಪ್ಪ ಬೇಡವೆಂದ. ಇನ್ನು ಮೇಲೆ ತಾನು ಏನನ್ನೂ ಹಾಸುವುದಿಲ್ಲ, ಹಾಸುವವರು ತಮ್ಮ ತಮ್ಮ ಮನೆಯಲ್ಲಿ ಹಾಸಿಕೊಳ್ಳಲಿ, ತನಗೆ ಸಾಕಾಗಿದೆ ಎಂದ. ಮಾಸ್ತರ ಯಾಕೋಬನ ಕೈಯಿಂದ ಜಮಖಾನೆ ಇಸಿದುಕೊಂಡು ತಿರುಗಿ ಗಿಡದ ಕೆಳಗೆ ಇಟ್ಟ.

ಐತವಾರ ಬೆಳಿಗ್ಗೆ ಅಯ್ಯನವರು ಧಾರವಾಡದ ಗಾಡಿಯಿಂದ ಇಳಿದು ಬಂದಾಗ ಸಭೆಯೆಲ್ಲ ಬರಿನೆಲದ ಮೇಲೆ ಕೂತಿತ್ತು. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ, ಮೊದಲಿನ ಹಾಗೆ. ಹೊರಗೆ ಗಿಡದ ಕೆಳಗೆ ಬೆಂಚು ಯಾಕಿದೆ ಎಂದು ಅವರು ಕೇಳಿದರು. ಒಣಗಾಕ ಹಾಕೇನ್ರಿ ಎಂದ ದಾನಿಯೇಲಪ್ಪ. ಲಾಜರಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ನಲವತ್ತು ವರ್ಷದ ವಿಶ್ವಾಸಿಯನ್ನು ನೆಲಕ್ಕೆ ಇಳಿಸಿದರೆಂದು ಗೊಣಗಿದ. ಮೊಣಕಾಲು ಮಡಿಚುವುದಿಲ್ಲ ಎಂದ. ಮೊಣಕಾಲಿನ ಮಾತು ಖರೆಯಾದ್ದರಿಂದ ದಾನಿಯೇಲಪ್ಪ ಉಸಿರು ಬಿಟ್ಟು, ಎದ್ದು ಹೋಗಿ ಒಬ್ಬನೇ ಬೆಂಚು ಎತ್ತಿ ತಂದ. ಲಾಜರಪ್ಪ ಅದರ ಮೇಲೆ ಕೂತು, ಪ್ರಸಂಗ ಸುರುವಾಗುವ ಮೊದಲೇ ನಿದ್ದೆ ಹೋದ.

ಮಾಸ್ತರ ಗಂಡಸರ ಸಾಲಿನ ಕಡೆಗೆ, ಯಾಕೋಬನ ಬದಿಗೆ ಕೂತಿದ್ದ. ಎಲ್ಲರೂ ವಿಶ್ವಾಸ ಪ್ರಮಾಣ ಹೇಳಿದರು. ಕಸ್ತೂರೆವ್ವ ಪಿಲಾತನ ತನಕ ಗಟ್ಟಿಯಾಗಿ ಹೇಳಿ, ಅಲ್ಲಿ ನಿಂತು, ಉಳಿದವರು ಮುಗಿಸುವ ತನಕ ಕಾಯ್ದು, ಆಮೆನ್ ಎಂಬುದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಅಯ್ಯನವರು ಹೊರಳಿ ನೋಡಿದರು. ರೊಟ್ಟಿಯೂ ಪಾತ್ರೆಯೂ ತನ್ನ ಮುಂದೆ ಬಂದಾಗ ಅವಳು ಮಾಸ್ತರನ ಕಡೆ ಒಮ್ಮೆ ನೋಡಿ, ತೆಗೆದುಕೊಂಡಳು.

ಸೋಮವಾರ ಬೆಳಗಿನ ಗದಗಿನ ಗಾಡಿಗೆ ದಾನಿಯೇಲಪ್ಪ ಅವಳ ಗಂಟು ಹೊತ್ತು ಹುಬ್ಬಳ್ಳಿ ಸ್ಟೇಶನ್ನಿಗೆ ಹೋದ. ಹಾದಿಯುದ್ದಕ್ಕೂ ಅವಳು, ಮುಂದಿನ ಸಲ ನೆಲ ಸಾರಿಸುವಾಗ ಹೆಂಡಿ ಎಷ್ಟು, ನೀರು ಎಷ್ಟು ಎಂದು ಹೇಳಿಕೊಡುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ, ಒಂದೂ ನೆನಪಿಟ್ಟುಕೊಳ್ಳಲಿಲ್ಲ. ಗಾಡಿ ಬಂತು, ಅವಳು ಹತ್ತಿ ಕಿಟಕಿಯ ಬದಿಗೆ ಕೂತಳು. ಪುನರುತ್ಥಾನ ಹಬ್ಬದ ಮರುದಿನ ಸೋಮವಾರ ಕಸ್ತೂರೆವ್ವ ಊರು ಬಿಟ್ಟು ಹೋದಳು.